ಡಿಎಪಿ ಹಾಕದ ಹೊಲದಲ್ಲಿ ರಂಜಕ ಎಲ್ಲಿಂದ ಬಂತು?

ಮಣ್ಣಿನ ಸ್ಯಾಂಪಲ್ ಜೊತೆ ಬರುವ ನಮ್ಮ ಲ್ಯಾಬಿನ ಫಾರಂನಲ್ಲಿ ಸರ್ವೆ ನಂಬರ್ ಇದೆ, ಫೋನ್ ನಂಬರ್ ಇದೆ, ಜಿಪಿಎಸ್ ಇದೆ, ಮುಂದಿನ ಬೆಳೆ ಯಾವುದು ಅಂತಲೂ ಇದೆ. ಕಳೆದ ಎರಡು ಮೂರು ವರ್ಷದಲ್ಲಿ ಆ ಹೊಲಕ್ಕೆ ಏನೇನು ಗೊಬ್ಬರ ಬಿತ್ತು ಅಂತ ಬರೆಯುವುದಕ್ಕೆ ಮಾತ್ರ ಜಾಗ ಇಲ್ಲ. ಕೇಳಿದರೆ ಸಾಫ್ಟ್‌ವೇರ್‌ನಲ್ಲಿ ಆ ಕಾಲಂ ಬರಲ್ಲ ಅನ್ನುತ್ತಾರೆ. ಒಂದು ಕಾಲಂ ಅಲ್ವಾ, ಅಷ್ಟೇನು ಅನ್ನಿಸಬಹುದು. ಅದು ಇಲ್ಲದೇ ಇದ್ದುದರಿಂದ ಇಬ್ಬರು ರೈತರ ಮಣ್ಣು ಪರೀಕ್ಷೆ ಫಲಿತಾಂಶದ ಕಾರ್ಡು ತಿರುಗುಮುರುಗಾಗಿ ಹೋಗುವುದರಲ್ಲಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋಲಾರ ಜಿಲ್ಲೆಯಲ್ಲಿ ಒಂದು ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅವತ್ತು ಬಂದ ಇಬ್ಬರೂ ಒಂದೇ ಊರಿನವರು, ಅಕ್ಕಪಕ್ಕದ ಹೊಲದವರು. ಒಬ್ಬರು ವಯಸ್ಸಾದವರು, ಮಳೆ ನಂಬಿ ರಾಗಿ ಬೆಳೆಯುವವರು. ಇನ್ನೊಬ್ಬರು ಮೂವತ್ತರ ಹುಡುಗ, ಬೋರ್‌ವೆಲ್ ಇದೆ, ಡ್ರಿಪ್ ಇದೆ, ಟೊಮ್ಯಾಟೊ ಬೆಳೆಯುತ್ತಾನೆ. ರಾಗಿ ತಾತ ಕಾರ್ಡನ್ನು ಟೇಬಲ್ ಮೇಲೆ ಇಟ್ಟು ಕೇಳಿದರು.

"ಏನಮ್ಮಾ ಇದು? ವರ್ಷಾ ವರ್ಷಾ ತಪ್ಪದೆ ಡಿಎಪಿ ಹಾಕೋನು ನಾನು. ನಂಗೆ ರಂಜಕ ಕಮ್ಮಿ ಅಂತ ಬರ್ದಿದ್ದೀರ. ಇವ್ನು ಡಿಎಪಿ ಮೂಟೆ ಮುಟ್ಟಿ ಎಷ್ಟು ಕಾಲ ಆಯ್ತೋ. ಇವ್ನಿಗೆ ಜಾಸ್ತಿ ಅಂತೆ!"

ಹುಡುಗನೂ ತಲೆಯಾಡಿಸಿದ. "ಹೌದು ಮೇಡಂ, ನಮ್ದು ಅದಲು ಬದಲು ಆಗಿರ್ಬೇಕು."

ಡಿಎಪಿ ಅಂದರೆ ರಂಜಕ (ಫಾಸ್ಫರಸ್) ಹೆಚ್ಚಿರುವ ಸೀಮೆ ಗೊಬ್ಬರ, ಅದಕ್ಕೇ ಅವರಿಗೆ ಆಶ್ಚರ್ಯ. ರಿಜಿಸ್ಟರ್ ತೆಗೆದು ನೋಡಿದೆ. ನನಗೂ ಹಾಗೇ ಅನ್ನಿಸಿತು. ಟೊಮ್ಯಾಟೊ ಹೊಲದ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ) 7.5 ಇತ್ತು. ಆ ಊರಿನ ಕೆಂಪು ಮಣ್ಣು ಅಷ್ಟು ಬರುವುದನ್ನು ನಾನು ನೋಡಿಲ್ಲ, ಸಾಮಾನ್ಯವಾಗಿ ಆರರ ಆಸುಪಾಸು. ಮೇಲಾಗಿ ರಂಜಕ. ಲಭ್ಯ ರಂಜಕವನ್ನು, ಅಂದರೆ ಬೇರಿಗೆ ಸಿಗುವಂಥದ್ದನ್ನು, ನಾವು ಪಿ2ಒ5 (ರಂಜಕದ ಆಕ್ಸೈಡ್) ಲೆಕ್ಕದಲ್ಲಿ ಕೊಡುತ್ತೇವೆ. ಹೆಕ್ಟೇರಿಗೆ 22.9 ಕೆಜಿ ಒಳಗಿದ್ದರೆ ಕಡಿಮೆ, 56.3 ದಾಟಿದರೆ ಜಾಸ್ತಿ. ಈ ಹುಡುಗನದು ಆ ಗೆರೆಯ ಮೂರು ಪಟ್ಟು.

ನಮ್ಮ ಸಾಹೇಬರಿಗೆ ತಿಂಗಳ ಕೊನೆಯ ಟಾರ್ಗೆಟ್ ಚಿಂತೆ. ಬಾಗಿಲಲ್ಲೇ ನಿಂತು, "ಹೆಸರು ಬದಲಾಗಿದೆ ಅಷ್ಟೇ, ಸರಿ ಮಾಡಿ ಪ್ರಿಂಟ್ ಕೊಟ್ಟು ಕಳಿಸಿ" ಅಂದರು. ಎಂಟ್ರಿ ತೆರೆದಿದ್ದೆ. ಎರಡು ಹೆಸರು ಅಳಿಸಿ ಬರೆದಿದ್ದರೆ ಎಲ್ಲರೂ ಖುಷಿಯಾಗಿ ಹೋಗುತ್ತಿದ್ದರು. ಆದರೆ ಬದಲಾಯಿಸಿದರೆ ಟೊಮ್ಯಾಟೊ ಹುಡುಗನಿಗೆ ಡಿಎಪಿ ಹಾಕು ಅಂತ ನಾವೇ ಬರೆದುಕೊಟ್ಟ ಹಾಗಾಗುತ್ತದೆ, ತಾತನಿಗೆ ಬೇಡ ಅಂತ. ಸ್ಯಾಂಪಲ್ ಇನ್ನೂ ಚೀಲದಲ್ಲಿದೆ, ಇನ್ನೊಂದು ಸಲ ಮಾಡುತ್ತೇನೆ ಸಾರ್ ಅಂದೆ. ಅವರು ಏನೂ ಹೇಳದೆ ಹೋದರು. ಅದು ಒಪ್ಪಿಗೆಯಲ್ಲ ಅಂತ ನಮಗೆಲ್ಲ ಗೊತ್ತು.

ಮೊದಲು ಅನುಮಾನ ಬಂದದ್ದು ಚಾರ್‌ಕೋಲ್ ಮೇಲೆ. ರಂಜಕ ಅಳೆಯುವ ಓಲ್ಸನ್ ವಿಧಾನದಲ್ಲಿ ಮಣ್ಣಿನಿಂದ ಇಳಿಸಿದ ಸಾರದ ಬಣ್ಣ ತೆಗೆಯುವುದಕ್ಕೆ ಅದನ್ನು ಹಾಕುತ್ತೇವೆ, ಅದರಲ್ಲೇ ರಂಜಕ ಇದ್ದುಬಿಟ್ಟರೆ ರೀಡಿಂಗ್ ಎಲ್ಲಾ ಹಾಳು. ಆ ಸಲ ಬಂದ ಡಬ್ಬಿ ಹೊಸ ಸಪ್ಲೈಯದು. ಇನ್ನೊಂದು ಅನುಮಾನ ಗಾಜಿನ ಮೇಲೆ. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇರಬಹುದು, ಅದಕ್ಕೇ ಟ್ಯೂಬುಗಳನ್ನು ಆಸಿಡ್‌ನಲ್ಲಿ ತೊಳೆಯಬೇಕು ಅಂತ ಎಷ್ಟು ಸಲ ಹೇಳಿದರೂ ಕೆಲಸ ಜಾಸ್ತಿಯಾದ ದಿನ ಯಾರೋ ಸೋಪು ಹಾಕಿರುತ್ತಾರೆ. ಹಾಗಾಗಿ ಬ್ಲ್ಯಾಂಕ್ ಇಟ್ಟೆ, ಅಂದರೆ ಮಣ್ಣು ಬಿಟ್ಟು ಉಳಿದದ್ದೆಲ್ಲ ಹಾಕಿದ ಟ್ಯೂಬ್. ರಂಜಕ ಇದ್ದರೆ ಕೊನೆಗೆ ನೀಲಿ ಬರುತ್ತದೆ. ನಮ್ಮಲ್ಲಿ ಪಿಎಚ್ ನೋಡಿ ಹುಳಿ ಮಣ್ಣಿಗೆ ಬ್ರೇ ಅನ್ನುವ ಇನ್ನೊಂದು ವಿಧಾನ, ಉಳಿದದ್ದಕ್ಕೆ ಓಲ್ಸನ್ ಮಾಡುವ ರೂಢಿ. ವಿಧಾನದಿಂದ ವ್ಯತ್ಯಾಸ ಬಂತು ಅನ್ನುವ ಮಾತೂ ಬೇಡ ಅಂತ ಎರಡು ಮಣ್ಣಿಗೂ ಎರಡೂ ವಿಧಾನ ಮಾಡಿದೆ.

ಶೇಕರ್ ಅರ್ಧ ಗಂಟೆ ತಿರುಗಬೇಕು. ಇಬ್ಬರೂ ಬೆಂಚಿನ ಮೇಲೆ ಕೂತು ನೋಡುತ್ತಲೇ ಇದ್ದರು. ಆ ಅರ್ಧ ಗಂಟೆ ನನಗೆ ಬಹಳ ಉದ್ದವಾಯಿತು. ಬ್ಲ್ಯಾಂಕ್‌ನಲ್ಲೇ ನೀಲಿ ಬಂದರೆ ಆ ವಾರ ಕೊಟ್ಟ ಕಾರ್ಡುಗಳನ್ನೆಲ್ಲ ವಾಪಸ್ ಕರೆಯಬೇಕಾಗುತ್ತದೆ. ಸೋಸಿದ ಮೇಲೆ ತಾತನ ಮಣ್ಣಿನ ಸಾರ ತಿಳಿಯಾಗಿತ್ತು. ಹುಡುಗನದು ಚಾರ್‌ಕೋಲ್ ಹಾಕಿಯೂ ಕಾಫಿ ಡಿಕಾಕ್ಷನ್‌ಗೆ ನೀರು ಬೆರೆಸಿದ ಹಾಗೆ ಕಂದು. ಆಸಿಡ್ ಬಿಟ್ಟಾಗ ಬುಸ್ಸೆಂದು ನೊರೆ ಬಂತು, ಅದು ಅಡಗಿದ ಮೇಲೆ ಮಾಲಿಬ್ಡೇಟ್, ಆಸ್ಕಾರ್ಬಿಕ್ ಸೇರಿಸಿದೆ. ಬ್ಲ್ಯಾಂಕ್ ನೀರಿನ ಹಾಗೇ ಉಳಿಯಿತು. ತಾತನದರಲ್ಲಿ ಬೆಳಕಿಗೆ ಹಿಡಿದರೆ ಕಂಡೂ ಕಾಣದಷ್ಟು ತಿಳಿ ನೀಲಿ. ಹುಡುಗನದು ನೋಡ ನೋಡುತ್ತಲೇ ಕಡು ನೀಲಿಗೆ ತಿರುಗಿ, ಮೆಷಿನ್ನಿನಲ್ಲಿ ಸ್ಟ್ಯಾಂಡರ್ಡ್ ಗೆರೆ ದಾಟಿ ಹೋಯಿತು. ಸಾರ ಕಡಿಮೆ ತೆಗೆದುಕೊಂಡು ಮತ್ತೆ ಮಾಡಬೇಕಾಯಿತು. ಬ್ರೇ ಮಾಡಿದರೂ ಅದೇ ಕಥೆ.

ಲ್ಯಾಬ್ ಸರಿ ಇದೆ ಅಂತಾಯಿತು. ಚೀಟಿ ಹೊಲದಲ್ಲೇ ಬದಲಾಗಿರಬಹುದಲ್ಲ ಅಂತ, ಹುಡುಗನ ಚೀಲದಲ್ಲಿ ಜರಡಿ ಹಿಡಿಯದೆ ಉಳಿದಿದ್ದ ಮಣ್ಣನ್ನು ಪೇಪರ್ ಮೇಲೆ ಸುರಿದೆ. ಹೆಂಟೆಗಳ ನಡುವೆ ಒಂದು ಬಿಳಿ ಪುಕ್ಕದ ಕಡ್ಡಿ. ಇನ್ನೊಂದು. ಒಂದು ಹೆಂಟೆ ಒಡೆದರೆ ಒಳಗೆ ಬೂದು ಬಣ್ಣದ ಪುಡಿ.

"ಕೋಳಿ ಗೊಬ್ಬರ ಹಾಕ್ತೀರಾ?"

"ಅದು ಇದ್ದೇ ಇದೆ ಮೇಡಂ. ಪ್ರತಿ ನಾಟಿಗೂ ಎಕರೆಗೆ ಎರಡು ಲೋಡು. ಮೊಟ್ಟೆ ಕೋಳಿ ಫಾರಂದು. ಆದ್ರೆ ಅದು ಗೊಬ್ಬರ ಅಲ್ವಾ, ಸೀಮೆ ಗೊಬ್ಬರ ಹಾಕಿಲ್ಲ ಅಂದೆ."

"ಡ್ರಿಪ್ಪಲ್ಲಿ ಏನು ಬಿಡ್ತೀರಿ?"

"ಹತ್ತೊಂಬತ್ತು ಆಲ್. ಶುರೂನಲ್ಲಿ ಹನ್ನೆರಡು ಅರವತ್ತೊಂದು."

ಅಲ್ಲೇ ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. 50 ಕೆಜಿ ಡಿಎಪಿ ಮೂಟೆಯಲ್ಲಿ 23 ಕೆಜಿ ಪಿ2ಒ5. ಒಣಗಿದ ಕೋಳಿ ಗೊಬ್ಬರದಲ್ಲಿ ನೂರಕ್ಕೆ ಎರಡೂವರೆಯಷ್ಟು. ಎರಡು ಲೋಡು ಅಂದರೆ ನಾಲ್ಕು ಟನ್ ಅಂತಿಟ್ಟುಕೊಳ್ಳಿ, 100 ಕೆಜಿ ಆಯಿತು, ನಾಲ್ಕು ಮೂಟೆ ಡಿಎಪಿಗೆ ಮೇಲೆ. ಹಸಿ ಗೊಬ್ಬರ ಅಂತ ಅರ್ಧಕ್ಕಿಳಿಸಿದರೂ ಎರಡು ಮೂಟೆ. ಅದರ ಮೇಲೆ ಡ್ರಿಪ್ಪಲ್ಲಿ ಬಿಡುವ 12:61:0 ಗೊಬ್ಬರ. ನಡುವಿನ ಅಂಕಿ ನೂರಕ್ಕೆ ಎಷ್ಟು ಪಿ2ಒ5 ಅಂತ, ಅದರ ಹೆಸರಲ್ಲೇ 61 ಇದೆ. ಡಿಎಪಿಯಲ್ಲಿ ಇರುವುದು 46. ಮೂಟೆ ಮುಟ್ಟದೆಯೇ ಇಷ್ಟು ರಂಜಕ ಹೊಲ ಸೇರಿದೆ, ವರ್ಷಕ್ಕೆ ಎರಡು ನಾಟಿ ಅಂದರೆ ಇದರ ಎರಡರಷ್ಟು.

ಗಿಡಕ್ಕೆ ಸಾರಜನಕ ಬೇಕಾದಷ್ಟು ರಂಜಕ ಬೇಡ. ಟೊಮ್ಯಾಟೊಗೆ ಸಾರಜನಕದ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು ಕಡಿಮೆ ಸಾಕು. ಕೋಳಿ ಗೊಬ್ಬರದಲ್ಲಿ ಎರಡೂ ಹತ್ತಿರ ಹತ್ತಿರ ಸಮ. ಗಿಡ ಹಸಿರಾಗಿ ಬರಲಿ ಅಂತ ಸಾರಜನಕದ ಆಸೆಗೆ ಲೋಡ್ ಹೊಡೆಸಿದರೆ ಪ್ರತಿ ಸಲವೂ ರಂಜಕ ಮಿಗುತ್ತದೆ. ಸಾರಜನಕ ಗಾಳಿಗೆ ಹೋಗುತ್ತದೆ, ನೀರಿನ ಜೊತೆ ಇಳಿಯುತ್ತದೆ. ರಂಜಕ ಎಲ್ಲಿಗೂ ಹೋಗದೆ ಮೇಲಿನ ಮಣ್ಣಲ್ಲೇ ಕೂರುತ್ತದೆ. ಜೋರು ಮಳೆಗೆ ಮಣ್ಣು ಕೊಚ್ಚಿದರೆ ಅದರ ಜೊತೆ ಕೆರೆಗೆ. ಪಿಎಚ್ 7.5 ಆದದ್ದಕ್ಕೂ ಇಲ್ಲೇ ಉತ್ತರ ಇದೆ. ಮೊಟ್ಟೆ ಕೋಳಿಯ ಆಹಾರದಲ್ಲಿ ಚಿಪ್ಪಿಗೋಸ್ಕರ ಸುಣ್ಣದ ಕಲ್ಲಿನ ಪುಡಿ ಜಾಸ್ತಿ ಹಾಕುತ್ತಾರೆ. ಒಂದಷ್ಟು ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಅಂದರೆ ಈ ಹುಡುಗ ಗೊತ್ತಿಲ್ಲದೆ ಹೊಲಕ್ಕೆ ಹುಳಿ ಕಳೆಯುವ ಸುಣ್ಣವನ್ನೂ ಹಾಕಿದ್ದ.

ಈಗ ತಾತನ ಸರದಿ. ಅವರು ಕೇಳಿದ ಪ್ರಶ್ನೆ ಇನ್ನೂ ಕಷ್ಟದ್ದು: "ಹಂಗಾದ್ರೆ ನಾನು ಹಾಕಿದ್ದೆಲ್ಲಾ ಎಲ್ಲಿ ಹೋಯ್ತು?"

ಹೋಗಿಲ್ಲ, ಅಲ್ಲೇ ಇದೆ, ಬೇರಿಗೆ ಸುಲಭವಾಗಿ ಸಿಗುತ್ತಿಲ್ಲ. ಹುಳಿ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಾಕಿದ ವರ್ಷ ಬೆಳೆಗೆ ಸಿಗುವುದು ನೂರಕ್ಕೆ 15, 20. ತಾತ ಹಾಕುತ್ತಿದ್ದುದು ಎಕರೆಗೆ ಅರ್ಧ ಮೂಟೆ, ಹನ್ನೊಂದೂವರೆ ಕೆಜಿ ಪಿ2ಒ5. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 40 ಕೆಜಿ ಅಂತ ಶಿಫಾರಸು, ಎಕರೆಗೆ 16. ಅದನ್ನೂ ಮೇಲೆ ಎರಚುತ್ತಿದ್ದರು. ರಂಜಕ ಬಿದ್ದ ಜಾಗದಿಂದ ಬೆರಳಷ್ಟು ಅಗಲವೂ ಸರಿಯುವುದಿಲ್ಲ, ಬೇರೇ ಅದನ್ನು ಹುಡುಕಿಕೊಂಡು ಹೋಗಬೇಕು. ಎರಚಿದರೆ ಮಣ್ಣಿಗೆ ಹಿಡಿದುಕೊಳ್ಳಲು ಜಾಗ ಜಾಸ್ತಿ, ಬೇರಿಗೆ ಸಿಗುವುದು ಕಡಿಮೆ. ತಿಪ್ಪೆ ಗೊಬ್ಬರ ಹಾಕುವುದನ್ನು ಎತ್ತು ಮಾರಿದ ಮೇಲೆ ಬಿಟ್ಟಿದ್ದಾರಂತೆ. ತಿಪ್ಪೆ ಗೊಬ್ಬರದಲ್ಲಿ ರಂಜಕ ಕಡಿಮೆಯೇ, ಟನ್ನಿಗೆ ಎರಡು ಕೆಜಿ ಸುತ್ತಮುತ್ತ. ಆದರೆ ಅದು ಕೊಳೆಯುವಾಗ ಬರುವ ಆಮ್ಲಗಳು ಆ ಕಬ್ಬಿಣ, ಅಲ್ಯೂಮಿನಿಯಂ ಜೊತೆ ತಾವೇ ಅಂಟಿಕೊಂಡು ರಂಜಕವನ್ನು ಬಿಡಿಸಿಕೊಡುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ರಾಗಿ, ಮುಸುಕಿನ ಜೋಳದ ದೀರ್ಘಾವಧಿ ಪ್ರಯೋಗ ನಡೆದಿದೆ. ಬರೀ ಸಾರಜನಕ ಹಾಕಿದ ತಾಕು ಹುಳಿಯಾಗಿ ಸೊರಗಿದೆ, ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಬಿದ್ದ ತಾಕು ನಿಂತಿದೆ.

ತಾತನ ಹತ್ತಿರ ಬೇರೊಂದು ಲ್ಯಾಬಿನ ಹಳೇ ರಿಪೋರ್ಟ್ ಇತ್ತು, ಅದರಲ್ಲಿ 'ಮಧ್ಯಮ' ಅಂತ. ಅವರು ಬರೀ 'ಪಿ' ಲೆಕ್ಕ ಕೊಟ್ಟಿದ್ದರು. ಆ ಲೆಕ್ಕದಲ್ಲಿ 10ರಿಂದ 24.6ರವರೆಗೆ ಮಧ್ಯಮ, ಪಿ2ಒ5 ಬೇಕಾದರೆ 2.29ರಿಂದ ಗುಣಿಸಬೇಕು. ಅಂದರೆ 20 ಅನ್ನುವ ಒಂದೇ ಅಂಕಿ ಒಂದು ಕಡೆ ಮಧ್ಯಮ, ಇನ್ನೊಂದು ಕಡೆ ಕಡಿಮೆ. ರೈತರು ಇದನ್ನು ಹೇಗೆ ಓದಬೇಕು? ಎಲ್ಲಾ ಲ್ಯಾಬೂ ಒಂದೇ ಲೆಕ್ಕ ಕೊಡಬೇಕು, ಇದಕ್ಕೆ ಖರ್ಚೇನೂ ಇಲ್ಲ.

ಸಾಹೇಬರು ಮಧ್ಯಾಹ್ನ ಬಂದು ಇಷ್ಟು ಹೊತ್ತು ಎರಡೇ ಸ್ಯಾಂಪಲ್ಲಾ ಅಂತ ಕೇಳಿದರು. ಟ್ಯೂಬ್ ಸ್ಟ್ಯಾಂಡ್ ತೋರಿಸಿದೆ. ಕಾರ್ಡು ಇದ್ದ ಹಾಗೇ ಹೋಯಿತು. ಈಗ ನಾನು ಪ್ರತಿ ಫಾರಂನ ಹಿಂದೆ ಮೂರು ಪ್ರಶ್ನೆ ಕೇಳಿ ಪೆನ್ನಲ್ಲಿ ಬರೆದುಕೊಳ್ಳುತ್ತೇನೆ: ಯಾವ ಪ್ರಾಣಿಯ ಗೊಬ್ಬರ, ಎಷ್ಟು ಲೋಡು, ಡ್ರಿಪ್ಪಲ್ಲಿ ಏನು. ಸಾಫ್ಟ್‌ವೇರ್ ತೆಗೆದುಕೊಳ್ಳದಿದ್ದರೆ ಬೇಡ, ಶಿಫಾರಸು ಬರೆಯುವಾಗ ನನಗೆ ಬೇಕು.

ಹುಡುಗ 12:61:0 ನಿಲ್ಲಿಸಿದ್ದಾನೆ, ಡ್ರಿಪ್ಪಲ್ಲಿ ಯೂರಿಯಾ, ಪೊಟ್ಯಾಷ್ ಮಾತ್ರ. ಬುಕ್ ಮಾಡಿದ್ದ ಎರಡು ಲೋಡಿನಲ್ಲಿ ಒಂದನ್ನು ತಾತನ ರಾಗಿ ಹೊಲದಲ್ಲಿ ಇಳಿಸಿದರಂತೆ, ಬಾಡಿಗೆ ಅರ್ಧ ಅರ್ಧ. ಡಿಎಪಿಯನ್ನು ಬಿತ್ತುವಾಗ ಸಾಲಿಗೇ ಬಿಡುತ್ತೇನೆ ಅಂತ ತಾತ ಹೇಳಿದ್ದಾರೆ. ಕೊಯ್ಲಾದ ಮೇಲೆ ಇಬ್ಬರೂ ಸ್ಯಾಂಪಲ್ ತರಬೇಕು. ಹೊಸ ಲೋಡು ಬೀಳುವ ಮುಂಚೆ ತೆಗೆಯಿರಿ, ಗೊಬ್ಬರ ಗುಡ್ಡೆ ಹಾಕಿದ್ದ ಜಾಗ ಬಿಡಿ ಅಂತ ಹೇಳಿದ್ದೇನೆ. ಹುಡುಗನ ಅಂಕಿ ಅಷ್ಟರಲ್ಲಿ ಇಳಿದಿರುವುದಿಲ್ಲ, ಅಷ್ಟು ಕೂಡಿಟ್ಟದ್ದು ಕರಗುವುದಕ್ಕೆ ಹಲವು ಬೆಳೆ ಬೇಕು. ಅದನ್ನೂ ಮುಂಚೆಯೇ ಹೇಳಿದ್ದೇನೆ.