ಆರ್ಕಿಡ್‌ಗೆ ಹಿಟ್ಟು ತಿಗಣೆ: ಒಂದೇ ಸುತ್ತು ಮದ್ದಿಗೆ ಮುಗಿಯುವುದಿಲ್ಲ

ಡೆಂಡ್ರೋಬಿಯಂ ಆರ್ಕಿಡ್‌ನ ಕುಂಡದ ಮೇಲೆ ಇರುವೆ ಸಾಲು ಹತ್ತಿದೆಯೆಂದರೆ ಕಾಂಡದ ಒಣ ಪೊರೆ ಸುಲಿದು ನೋಡಿ. ಮೈಗೆ ಬಿಳಿ ಹಿಟ್ಟು ಸವರಿದಂತಿರುವ, ರಸ ಹೀರುವ ಹಿಟ್ಟು ತಿಗಣೆ (ಮೀಲಿಬಗ್) ಅಡಗುವುದು ಅಲ್ಲಿ, ಎಲೆಬುಡದ ಸಂದಿಯಲ್ಲಿ, ತೆಂಗಿನ ಸಿಪ್ಪೆಯೊಳಗಿನ ಬೇರಿನಲ್ಲಿ. ಶಿರಸಿಯ ನರ್ಸರಿಗಳಲ್ಲಿ ನಾವು ಮೊದಲು ತಡೆಯುವುದು ಇರುವೆಯನ್ನೇ. ತಿಗಣೆ ಸೂಸುವ ಸಿಹಿ ಅಂಟಿಗಾಗಿ ಅವು ಅದನ್ನು ಕಾಯುತ್ತವೆ, ಪಕ್ಕದ ಗಿಡಕ್ಕೆ ಹೊತ್ತೂ ಒಯ್ಯುತ್ತವೆ. ಸ್ಟ್ಯಾಂಡಿನ ಕಾಲುಗಳನ್ನು ಸೋಪು ಬೆರೆಸಿದ ನೀರಿನ ಬಟ್ಟಲಲ್ಲಿಡಿ. ತೂಗುಕುಂಡವಾದರೆ ತಂತಿಗೆ ಗ್ರೀಸ್ ಸವರಿ.

ಹತ್ತಿಪ್ಪತ್ತು ಗಿಡವಿದ್ದರೆ 70% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸುವುದೇ ಒಳ್ಳೆಯದು. ಎಳೆ ಬೇರಿಗೆ, ಸುಳಿಗೆ ಸುರಿಯಬೇಡಿ. ಹೆಚ್ಚು ಗಿಡಗಳಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1–2 ಮಿಲಿ ದ್ರವ ಸೋಪು. ಎಣ್ಣೆಯನ್ನು ಮೊದಲು ಸೋಪಿನ ಜೊತೆ ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಕದಡಿ, ಆಮೇಲೆ ಉಳಿದ ನೀರು ಸೇರಿಸಿ. ಇಲ್ಲದಿದ್ದರೆ ಎಣ್ಣೆ ತೇಲಿ, ಪಂಪಿನಲ್ಲಿ ನೀರು ತಳ ಮುಟ್ಟುವಾಗ ಬರೀ ಎಣ್ಣೆಯೇ ಬಿದ್ದು ಎಲೆ ಸುಡುತ್ತದೆ. ಬೇಸಿಗೆಯಲ್ಲಿ ಸಂಜೆ ಹೊಡೆಯಿರಿ. ಮಳೆಗಾಲದಲ್ಲಿ ಮಾತ್ರ ಹೊಳವಾದ ದಿನದ ಬೆಳಿಗ್ಗೆ, ಮಾಡಿನ ಕೆಳಗೆ. ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ಕೊಳೆಯುತ್ತದೆ.

ಹತ್ತಿಯಂಥ ಮೇಣದ ಗೂಡಿನೊಳಗಿನ ಮೊಟ್ಟೆಗೆ ಮದ್ದು ತಾಗುವುದಿಲ್ಲ. ಅವು ಒಡೆದು ಹೊರಬರುವ ಮರಿ ಇನ್ನೂ ಮೇಣ ಕಟ್ಟಿಕೊಂಡಿರುವುದಿಲ್ಲ, ಸುಲಭವಾಗಿ ಸಾಯುತ್ತದೆ. ಅದಕ್ಕಾಗಿಯೇ 7–10 ದಿನಕ್ಕೊಮ್ಮೆ ಕನಿಷ್ಠ ಮೂರು ಸುತ್ತು. ಮೊದಲ ಸುತ್ತಿಗೇ ಗಿಡ ಸ್ವಚ್ಛ ಕಾಣುತ್ತದೆ, ಹೆಚ್ಚಿನವರು ಕೈಬಿಡುವುದೂ ಅಲ್ಲೇ.

ಚಿಪ್ಪಿನಂತೆ ಅಂಟಿ ಕೂರುವ ಶಲ್ಕ ಕೀಟಕ್ಕೂ (ಸ್ಕೇಲ್) ಇದೇ ಕ್ರಮ, ಆದರೆ ಸತ್ತ ಮೇಲೂ ಚಿಪ್ಪು ಅಂಟಿಕೊಂಡೇ ಇರುತ್ತದೆ. ಉಗುರಿನಿಂದ ಕೆರೆಯಿರಿ: ಪುಡಿಯಾಗಿ ಉದುರಿದರೆ ಸತ್ತಿದೆ, ಒದ್ದೆಯಾಗಿ ಜಜ್ಜಿದರೆ ಬದುಕಿದೆ.

ಬೇರಿನಲ್ಲಿದ್ದರೆ ಸಿಂಪಡಣೆ ಸಾಲದು. ಹಳೆಯ ಸಿಪ್ಪೆ ಎಸೆದು, ಬೇರು ತೊಳೆದು, ಹೊಸ ಇದ್ದಿಲು-ಸಿಪ್ಪೆಗೆ ಬದಲಿಸಿ. ಇಮಿಡಾಕ್ಲೋಪ್ರಿಡ್ (ಜೇನಿಗೂ ವಿಷವಾದ ರಾಸಾಯನಿಕ ಕೀಟನಾಶಕ) ಕೊನೆಯ ದಾರಿ. ಹಿತ್ತಿಲಲ್ಲಿ ಜೇನುಪೆಟ್ಟಿಗೆ ಇಡುವ ನಮ್ಮ ಕಡೆ ಹೂವಿರುವಾಗ ಅದನ್ನು ಮುಟ್ಟಲೇಬಾರದು. ನುಸಿಗೆ ಅದು ಕೆಲಸಕ್ಕೂ ಬಾರದು, ಕೆಲವೊಮ್ಮೆ ನುಸಿ ಹೆಚ್ಚುವುದೂ ಉಂಟು.

ಇನ್ನೊಂದು ವಿಷಯ, ಕೀಟದ್ದಲ್ಲದಿದ್ದರೂ. ಅಡಿಕೆ ಮರಕ್ಕೆ ಆರ್ಕಿಡ್ ಕಟ್ಟಿದ್ದರೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ಮುನ್ನ ಕುಂಡ ಇಳಿಸಿಡಿ, ಇಲ್ಲವೇ ಪ್ಲಾಸ್ಟಿಕ್ ಮುಚ್ಚಿ. ಮೈಲುತುತ್ತಿನ ತಾಮ್ರ ಡೆಂಡ್ರೋಬಿಯಂಗೆ ಆಗುವುದಿಲ್ಲ. ಎಲೆಯಲ್ಲಿ ಕಪ್ಪು ಕಲೆ ಕಂಡು ರೋಗವೆಂದು ಮತ್ತೆ ಅದನ್ನೇ ಹೊಡೆಯುವವರಿದ್ದಾರೆ.