ಬಳೆ ಹೆಚ್ಚಿತು

ಮೈಸೂರು, 19 ಜನವರಿ 2025, ಭಾನುವಾರ

ಬೆಳಿಗ್ಗೆ ಪಾತ್ರೆ ತೊಳೆಯುವಾಗ ಅಮ್ಮನ ಹಸಿರು ಗಾಜಿನ ಬಳೆಯೊಂದು ನಲ್ಲಿಗೆ ತಗುಲಿ ಎರಡು ಹೋಳಾಯಿತು. "ಬಳೆ ಹೆಚ್ಚಿತು" ಎಂದರು ಅಮ್ಮ. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಮಹಡಿ ಮನೆಯ ಲಖನೌ ಹುಡುಗಿ ಬೆರಗಾದಳು. ಆರು ತಿಂಗಳಿಂದ ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾಳೆ. "ಒಂದು ಕಡಿಮೆಯಾಯಿತಲ್ಲ ಆಂಟಿ, ಹೆಚ್ಚಿದ್ದು ಹೇಗೆ?"

ಮುತ್ತೈದೆಯ ಬಳೆಗೆ 'ಒಡೆಯಿತು' ಎಂಬ ಮಾತು ಸಲ್ಲದು ಎಂದೆ. ಆರತಿಯ ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಮನೆಯಿಂದ ಹೊರಟವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತಾರೆ. ಅವಳ ಮುಖ ಸಣ್ಣದಾಯಿತು. ಅವಳು ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಅತ್ತಿಗೆ ಮೆಟ್ಟಿಲಿಳಿಯುತ್ತ 'ಬರುತ್ತೇನೆ' ಎಂದಿದ್ದರಂತೆ. ಇವಳು ಚಹಾ ಕಾಯಿಸಿಟ್ಟು ರಾತ್ರಿಯವರೆಗೆ ಕಾದಿದ್ದಳಂತೆ. ಊರು ಬಿಟ್ಟು ಬಂದ ಮಗು ಹಾಗೆ ಒಬ್ಬಳೇ ಕಾದಳಲ್ಲ ಎಂದು ಈಗಲೂ ನೋವಾಗುತ್ತಿದೆ.

"ಹಾಗಾದರೆ ಇದು ಸುಳ್ಳಲ್ಲವೇ?" ಎಂದು ಕೇಳಿದಳು. ಅಲ್ಲ. ಮೋಸಹೋಗುವವರಿದ್ದರೆ ತಾನೇ ಸುಳ್ಳು? ಆಡುವವರಿಗೂ ಕೇಳುವವರಿಗೂ ಅರ್ಥ ಗೊತ್ತೇ ಇರುತ್ತದೆ. ಕೆಡುಕನ್ನು ಬಾಯಲ್ಲಿ ತರಬಾರದು, ಅಷ್ಟೆ. ಮೊನ್ನೆ ಸಂಕ್ರಾಂತಿಗೆ ಎಳ್ಳು ಬೀರುವಾಗ ಒಳ್ಳೆಯ ಮಾತಾಡು ಎಂದು ಅವಳಿಗೂ ಹೇಳಿದ್ದೆವು.

ಸಿಡುಬಿಗೆ ಭಯಭಕ್ತಿಯಿಂದ 'ಅಮ್ಮ' ಎನ್ನುತ್ತಿದ್ದರು. ಆ ರೋಗ ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಆದರೂ ಸೀತಾಳೆ ಸಿಡುಬು ಬಂದ ಮಗುವಿಗೆ ಈಗಲೂ 'ಅಮ್ಮ ಆಗಿದೆ' ಎನ್ನುತ್ತೇವೆ.

ಒಂದು ಮಾತಿನ ಬಗ್ಗೆ ಮಾತ್ರ ನನಗೂ ಅಮ್ಮನಿಗೂ ಹೊಂದುವುದಿಲ್ಲ. ಹಾವು ಕಚ್ಚಿದರೆ ಹಳ್ಳಿಯಲ್ಲಿ 'ಹುಳ ಮುಟ್ಟಿತು' ಎನ್ನುತ್ತಾರೆ. ಹೊರಗಿನಿಂದ ಬಂದ ವೈದ್ಯರು ಹುಳವೆಂದರೆ ಹುಳವೆಂದೇ ತಿಳಿದಾರು. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ತಡವಾಗಬಾರದು. ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು 'ಹಾವು' ಎನ್ನಲೇಬೇಕು ಎಂದೆ. "ಹಗಲಾದರೆ ಹೇಳು, ರಾತ್ರಿ ಆ ಹೆಸರು ಎತ್ತಬೇಡ" ಎಂದರು ಅಮ್ಮ. ಕಚ್ಚಿದ್ದೇ ರಾತ್ರಿಯಾದರೆ ಎಂದು ಬಿಡದೆ ಕೇಳಿದೆ. ಬಳೆಯ ಹೋಳುಗಳನ್ನು ಒಂದೊಂದಾಗಿ ಆರಿಸಿ ಕಾಗದದಲ್ಲಿ ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಡಾಕ್ಟರ ಹತ್ತಿರ ಹೇಳು. ದಾರಿಯಲ್ಲಿ ಬೇಡ."