ಸಕ್ಕರೆ ನಾಡಿನಿಂದ ಶುಗರ್ ಕ್ಯೂಬ್ ಹುಡುಕಿಕೊಂಡು ಎಸ್.ಪಿ. ರೋಡಿಗೆ

ನಮ್ಮ ಬೋರ್‌ವೆಲ್ ಮೋಟಾರಿಗೆ ಚಿಕ್ಕಪ್ಪ ಮೊಬೈಲ್ ಸ್ಟಾರ್ಟರ್ ಹಾಕಿಸಿ ನಾಲ್ಕು ವರ್ಷವಾಯಿತು. ಅದರೊಳಗಿನ ಸಿಮ್ಮಿಗೆ ಫೋನ್ ಮಾಡಿದರೆ ಒಂದು ಹೆಣ್ಣುದನಿ ಎತ್ತಿಕೊಳ್ಳುತ್ತದೆ. ಒಂದು ಒತ್ತಿದರೆ ಮೋಟಾರ್ ಆನ್, ಎರಡು ಒತ್ತಿದರೆ ಆಫ್. ತ್ರೀ ಫೇಸ್ ಕರೆಂಟು ಸಿಗುವುದು ದಿನಕ್ಕೆ 7 ಗಂಟೆ, ಅದೂ ಎಷ್ಟೋ ವಾರ ರಾತ್ರಿ ಪಾಳಿ. ಕತ್ತಲಲ್ಲಿ ಹಾವು ಚೇಳು ತುಳಿಯದೆ, ಮಲಗಿದಲ್ಲಿಂದಲೇ ಕಬ್ಬಿಗೆ ನೀರು ಬಿಡುವ ಸುಖ ಅದು. ಹೋದ ತಿಂಗಳು ಆ ದನಿ ಸುಳ್ಳು ಹೇಳಲು ಶುರು ಮಾಡಿತು. ‘ಮೋಟಾರ್ ಆನ್ ಆಗಿದೆ’ ಅನ್ನುತ್ತದೆ, ಹೋಗಿ ನೋಡಿದರೆ ಪೈಪಿನ ಬಾಯಲ್ಲಿ ಒಂದು ತೊಟ್ಟೂ ಇಲ್ಲ.

ಮಳವಳ್ಳಿಯಲ್ಲಿ ತೋರಿಸಿದೆವು, ‘ಹೊಸಾದು ತಗೊಳಿ’ ಅಂದರು. ಮಂಡ್ಯದಲ್ಲಿ ಒಬ್ಬ ರಿಪೇರಿ ಹುಡುಗ ಬೋರ್ಡು ಬಿಚ್ಚಿ, ಅದರ ಮೇಲಿದ್ದ ನೀಲಿ ಡಬ್ಬಿಯನ್ನು ಉಗುರಿನಿಂದ ತಟ್ಟಿ, ‘ಶುಗರ್ ಕ್ಯೂಬ್ ಹೋಗಿರ್ಬೇಕು. ನನ್ನತ್ರ ಖಾಲಿ. ಬೆಂಗ್ಳೂರು ಎಸ್.ಪಿ. ರೋಡಲ್ಲಿ ಎಷ್ಟು ಬೇಕಾದ್ರೂ ಸಿಗ್ತವೆ’ ಅಂದ. ಅದು ರಿಲೇ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್ಚು. ಸಕ್ಕರೆ ಗಟ್ಟಿಯ ಹಾಗೆ ಚೌಕವಾಗಿರುವುದಕ್ಕೆ ಆ ಹೆಸರು. ಚಿಕ್ಕಪ್ಪ ಹೊರಗೆ ಬಂದು ನನ್ನ ಮುಖ ನೋಡಿದರು. ‘ಮೈಷುಗರ್ ಇರೋ ಊರ್ನಲ್ಲೇ ಶುಗರ್ ಇಲ್ವಂತೆ ಕಣ್ಲಾ!’

ಹಾಗೆ ಹೊರಟಿದ್ದು. ಮದ್ದೂರಿನಿಂದ ರೈಲು, ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಒಂದೇ ಸ್ಟೇಷನ್. ರೈಲಿನಲ್ಲಿ ತಿಂದ ವಡೆಯ ಬಗ್ಗೆ ಏನೂ ಬರೆಯುವುದಿಲ್ಲ, ಮದ್ದೂರಿನ ಮಾನದ ಪ್ರಶ್ನೆ.

ಸಾದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ರಸ್ತೆಗೆ ಮುಖ ಮಾಡಿದ ಲ್ಯಾಪ್‌ಟಾಪ್, ಸಿಸಿಟಿವಿ ಅಂಗಡಿಗಳಲ್ಲಿ ನನಗೇನೂ ರುಚಿಸಲಿಲ್ಲ. ಅಂಥ ಗಾಜು, ಅಂಥ ಎ.ಸಿ. ಮಂಡ್ಯದಲ್ಲೂ ಇವೆ. ಸೊಗಸಿರುವುದು ಒಳಗಿನ ಸಂದಿಗಳಲ್ಲಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಮೆಂತ್ಯ, ಜೀರಿಗೆ ಡಬ್ಬಿಗಳ ಹಾಗೆ ನೆಲದಿಂದ ಸೂರಿನವರೆಗೆ ಪ್ಲಾಸ್ಟಿಕ್ ಡ್ರಾಯರುಗಳು. ರೆಸಿಸ್ಟರು, ಕೆಪಾಸಿಟರು, ಐ.ಸಿ. ಕೆಲವು ಕಡೆ ತಂತಿಯನ್ನು ತೂಕಕ್ಕೆ ಹಾಕುತ್ತಾರೆ. ಕಾಲೇಜು ಹುಡುಗರು ಪ್ರಾಜೆಕ್ಟಿನ ಚೀಟಿ ಹಿಡಿದು ಕೂಗುತ್ತಾರೆ, ಅಂಗಡಿಯವನು ತಿರುಗಿಯೂ ನೋಡದೆ ಹಿಂದಕ್ಕೆ ಕೈ ಹಾಕಿ ಸರಿಯಾದ ಡ್ರಾಯರನ್ನೇ ಎಳೆಯುತ್ತಾನೆ. ಚಿಕ್ಕಪ್ಪ ಅದನ್ನು ನೋಡುತ್ತಾ ಕಾಲು ಗಂಟೆ ನಿಂತುಬಿಟ್ಟರು.

ನಾನು ಮಾಡಿದ ದಡ್ಡತನ ಇಲ್ಲೇ. ಒಂದು ಕೌಂಟರಿನಲ್ಲಿ ಜನ ಕಡಿಮೆ ಇದ್ದರು ಅಂತ ನುಗ್ಗಿ, ‘ನೀಲಿ ಶುಗರ್ ಕ್ಯೂಬ್ ಐದು ಕೊಡಿ’ ಅಂದೆ. ಅವನೊಂದು ಮಾತು ಕೇಳಿದ, ಗದ್ದಲದಲ್ಲಿ ನಾನು ಹೂಂ ಅಂದೆ. ಪೊಟ್ಟಣ ಜೇಬಿಗಿಳಿಯಿತು. ದಯವಿಟ್ಟು ನೀವು ಹೀಗೆ ಮಾಡಬೇಡಿ. ಕೆಟ್ಟುಹೋದ ಸಾಮಾನನ್ನೇ ಕೈಯಲ್ಲಿ ಹಿಡಿದು ಹೋಗಿ. ಅದರ ಬೆನ್ನ ಮೇಲೆ ಅಚ್ಚಾಗಿರುವ ಅಂಕಿ ಓದಿ, ಕೊಟ್ಟದ್ದರ ಬೆನ್ನ ಮೇಲೂ ಓದಿ, ಆಮೇಲೆ ದುಡ್ಡು ಕೊಡಿ. ವಾಪಸು ಅನ್ನುವ ಮಾತು ಆ ಕೌಂಟರಿನಲ್ಲಿ ಇಲ್ಲ. ಭಾನುವಾರವಂತೂ ಹೋಗಲೇಬೇಡಿ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಬೆಸುಗೆ ಹಾಕಿಸಲು ಒಂದು ಕಟ್ಟಡದ ಮೂರನೇ ಮಹಡಿ ತೋರಿಸಿದರು. ಮೇಜಿನ ಹಿಂದೆ ಎಪ್ಪತ್ತರ ಆಸುಪಾಸಿನ ಒಬ್ಬರು, ಹಣೆಗೆ ಕಟ್ಟಿದ ಭೂತಗನ್ನಡಿ, ಎದುರಿಗೆ ಹೊಗೆಯಾಡುವ ಸೋಲ್ಡರಿಂಗ್ ಕಡ್ಡಿ. ನನ್ನ ಪೊಟ್ಟಣದಿಂದ ಒಂದನ್ನು ತೆಗೆದು, ಮೀಟರಿನ ಎರಡು ಮುಳ್ಳು ತಾಗಿಸಿ ನನ್ನ ಕಡೆ ತಿರುಗಿಸಿದರು. 1600 ಓಮ್.

‘ನಿಮ್ಮ ಬೋರ್ಡಿಗೆ ಬೇಕಾದ್ದು 12 ವೋಲ್ಟು. ಅದು 400 ಓಮ್ ತೋರಿಸಬೇಕು. ಇದು 24ರದ್ದು. ಇದಕ್ಕೆ 12 ಕೊಟ್ಟರೆ ಮಿಸುಕೋದೂ ಇಲ್ಲ. ಎಷ್ಟು ತಂದಿರಿ?’

‘ಐದು.’

ಅವರು ನಗಲಿಲ್ಲ. ಚಿಕ್ಕಪ್ಪ ನಕ್ಕರು.

ಬೋರ್ಡಿಗೆ ಸಪ್ಲೈ ಕೊಟ್ಟು, ‘ಗೌಡ್ರೆ, ಕಿವಿಗೊಡಿ’ ಅಂದರು. ಟಕ್. ‘ಕೇಳ್ತಾ? ನಿಮ್ಮ ಹೆಣ್ಣುಮಗಳು ಸುಳ್ಳು ಹೇಳಿಲ್ಲ. ಒಳಗಿನ ಕಾಯಿಲ್ ಎಳೀತಾ ಇದೆ.’ ಆಮೇಲೆ ಆ ಹಳೆಯ ರಿಲೇಯನ್ನು ಕಿತ್ತು, ನೀಲಿ ಮುಚ್ಚಳವನ್ನು ಬ್ಲೇಡಿನಿಂದ ಎಬ್ಬಿಸಿ, ಭೂತಗನ್ನಡಿಯನ್ನು ಚಿಕ್ಕಪ್ಪನ ಕೈಗೇ ಕೊಟ್ಟರು. ಒಂದಕ್ಕೊಂದು ತಾಗಿ ಕರೆಂಟು ದಾಟಿಸಬೇಕಾದ, ಸಾಸಿವೆಯಷ್ಟು ಗಾತ್ರದ ಎರಡು ಬಿಂದು, ಇದ್ದಿಲಿನ ಹಾಗೆ ಕಪ್ಪಗೆ. ‘ಸ್ಟಾರ್ಟರಿನ ದೊಡ್ಡ ಕಾಯಿಲನ್ನು ಬಿಡುವಾಗಲೆಲ್ಲ ಇಲ್ಲೊಂದು ಕಿಡಿ ಹಾರುತ್ತೆ. ನಾಲ್ಕು ವರ್ಷ ಹಾರಿದೆ. ಸುಟ್ಟಿದೆ, ಅಷ್ಟೆ. ಬೋರ್ಡೆಲ್ಲ ಹೊಸದು ಯಾಕೆ?’

ಚಿಕ್ಕಪ್ಪ ಬಹಳ ಹೊತ್ತು ನೋಡಿದರು. ‘ಅಲ್ಲ ಯಜಮಾನ್ರೆ, ಇಷ್ಟಗಲದ ಮಸಿಗೆ ನನ್ನ ಒಂದೆಕರೆ ಕಬ್ಬು ಬಾಡೋಯ್ತಾ?’

‘ಯಾವೂರು ನಿಮ್ಮದು?’

‘ಬ್ಲಫ್ ತಾವ.’

ಅವರಿಗೆ ಅರ್ಥವಾಗಲಿಲ್ಲ. ಶಿವನಸಮುದ್ರ ಅಂತ ನಾನು ಹೇಳಿದೆ. ಚಿಕ್ಕಪ್ಪನಿಗೆ ಹುರುಪು ಬಂತು. 1902ರಲ್ಲಿ ಅಲ್ಲಿ ಕರೆಂಟು ಹುಟ್ಟಿದಾಗ ಅದು ಹೋಗಿದ್ದು ಸುಮಾರು 150 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂತು. ಮೊದಲು ಹತ್ತಿದ್ದು ಇದೇ ಮಾರ್ಕೆಟ್ಟಿನ ಕಡೆ ಅಂತ ಹೇಳುತ್ತಾರೆ. ಇದೆಲ್ಲ ನಾನು ಓದಿ ತಿಳಿದದ್ದು. ಚಿಕ್ಕಪ್ಪ ಹೇಳಿದ್ದು ಇಷ್ಟೇ: ‘ನಿಮ್ಮ ಬೀದಿಗೆ ದೀಪ ಅಚ್ಚಿದ್ದು ನಮ್ಮ ನೀರು, ಯಜಮಾನ್ರೆ. ನಮ್ಮ ಅಟ್ಟಿಗೆ ಕರೆಂಟು ಬರೋ ಒತ್ಗೆ ನಂಗೆ ಮೀಸೆ ಚಿಗುರಿತ್ತು.’

ಕಡ್ಡಿಯ ಹೊಗೆ ಸುಮ್ಮನೆ ಮೇಲೇಳುತ್ತಿತ್ತು. ಅವರು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಬ್ಬರಿಗೂ ಟೀ ತರಿಸಿದರು. ಬಾಲ್ಯದಲ್ಲಿ ವಾಲ್ವ್ ರೇಡಿಯೋ ಬಿಚ್ಚಿ ಅಪ್ಪನ ಕೈಲಿ ಏಟು ತಿಂದದ್ದು, ಆಮೇಲೆ ಟಿ.ವಿ., ಆಮೇಲೆ ವಿಸಿಆರ್, ಈಗ ಇಂಥ ಬೋರ್ಡು. ‘ಎಲ್ಲದರಲ್ಲೂ ಹೋಗೋದು ಇಂಥ ಪುಟ್ಟ ಸಾಮಾನೇ. ಜನಕ್ಕೆ ಡಬ್ಬಿ ಬದಲಾಯಿಸೋ ಆತುರ.’ ಮೂರು ಜನ ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದರು. ಅವರಿಗೆ ಕೈಸನ್ನೆ ಮಾಡಿ, ಕಬ್ಬಿಗೆ ಎಷ್ಟು ದಿನಕ್ಕೊಮ್ಮೆ ನೀರು, ನಾಲೆ ನೀರು ಯಾಕೆ ಸಾಲದು ಅಂತ ವಿಚಾರಿಸುತ್ತಲೇ ಬೆಸುಗೆ ಹಾಕಿದರು. ರಿಲೇ, ಕೂಲಿ ಸೇರಿ 150 ರೂಪಾಯಿ. ಸ್ಟಾರ್ಟರ್ ಡಬ್ಬಿಯ ತಂತಿ ಹೋಗುವ ತೂತನ್ನೆಲ್ಲ ಮೇಣದಿಂದ ಮುಚ್ಚಿ, ಹಲ್ಲಿ ಇರುವೆ ಸೇರದ ಹಾಗೆ ನೋಡಿಕೊಳ್ಳಿ ಅಂದರು.

ಮಧ್ಯಾಹ್ನದ ಮೇಲೆ ಏನು ನೋಡಿದೆವೋ ನೆನಪಿಲ್ಲ. ಚಿಕ್ಕಪ್ಪ ಒಂದು ತಲೆಗೆ ಕಟ್ಟುವ ಟಾರ್ಚು ಕೊಂಡರು, ನಾಲ್ಕು ಅಂಗಡಿ ಚೌಕಾಸಿ ಮಾಡಿ. ಇನ್ನು ರಾತ್ರಿ ಹೋಗೋದೇ ಇಲ್ವಲ್ಲ, ಇದ್ಯಾಕೆ ಅಂತ ಕೇಳಿದರೆ ಉತ್ತರವಿಲ್ಲ.

ಮಾರನೆಯ ರಾತ್ರಿ ಹನ್ನೊಂದೂವರೆಗೆ ತ್ರೀ ಫೇಸ್ ಬಂತು. ಫೋನ್ ಮಾಡಿ ಒಂದು ಒತ್ತಿದೆ. ‘ಮೋಟಾರ್ ಆನ್ ಆಗಿದೆ’ ಅಂದಿತು ದನಿ. ಸಂತೋಷದಿಂದ ಹೇಳಲು ಹೊರಗೆ ಬಂದರೆ ಜಗುಲಿಯ ಮೇಲಿನ ಹಾಸಿಗೆ ಖಾಲಿ. ದೂರದಲ್ಲಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಹೊಸ ಟಾರ್ಚಿನ ಬೆಳಕು ಬೋರ್‌ವೆಲ್ ಕಡೆಗೆ ಹೋಗುತ್ತಿತ್ತು.